ಗಾದಿಯ ಮೇಲೆ ಹೇಳಿದ ಅಂಕಿ

ಸೋಮವಾರ, ಅಕ್ಟೋಬರ್ 6, 2025. ಮಲ್ಕಾಜ್‌ಗಿರಿ

ಅಂಬಾದಾಸರ ಬಟ್ಟೆ ಅಂಗಡಿಗೆ ಬೀಗ ಬಿದ್ದಿದೆ. ಬೆಳಗಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಆರು ವರ್ಷದಿಂದ ತಿಂಗಳು ತಪ್ಪದೆ ಹೋಗಿ ಅವರ ಮಾರಾಟದ ಅಂಕಿ ಬರೆದುಕೊಂಡು ಬಂದವಳು ನಾನು. ನಮ್ಮಂಥವರು ಊರೂರಿನಿಂದ ತಂದ ಅಂಕಿಗಳನ್ನು ಕೂಡಿಸಿಯೇ ನಮ್ಮ ಕಚೇರಿ ದೇಶದ ಚಿಲ್ಲರೆ ವ್ಯಾಪಾರ ಈ ಮೂರು ತಿಂಗಳಲ್ಲಿ ಏರಿತೋ ಇಳಿಯಿತೋ ಎಂದು ವರದಿ ಬರೆಯುವುದು. ಅಂಬಾದಾಸರ ಅಂಕಿ ಒಂದು ಸಲವೂ ಇಳಿದಿರಲಿಲ್ಲ. ನಮ್ಮ ಬೀದರ್ ಕಡೆಯವರು ಎಂದು ಕಚೇರಿಯಲ್ಲಿ ಹೇಳಿಕೊಂಡು ಬೇರೆ ತಿರುಗಿದ್ದೆ!

ನಿಜಕ್ಕೂ ಎರಡು ವರ್ಷದಿಂದ ವ್ಯಾಪಾರ ಇಳಿಯುತ್ತಲೇ ಇತ್ತಂತೆ. ಮುಚ್ಚಿದ ಶಟರ್ ಮುಂದೆ ನಿಂತು ಇವತ್ತು ಅವರೇ ಹೇಳಿದರು.

"ಮತ್ತ ನನಗ್ಯಾಕ ಸುಳ್ಳು ಹೇಳಿದ್ರಿ ಅಣ್ಣಾರ?"

"ಗಾದಿ ಮ್ಯಾಲ ಕುಂತು, ಲಕ್ಷ್ಮೀ ಫೋಟೋ ಮುಂದ, ಕಡಿಮಿ ಆಗೇತಿ ಅಂತ ಹೆಂಗ ಅನ್ಲಿ ತಂಗೀ? ಅನ್ನಬಾರದು."

ಅದು ನನಗೂ ಗೊತ್ತು. ನಮ್ಮಪ್ಪನೂ ತನ್ನ ಅಂಗಡಿಯಲ್ಲಿ ವ್ಯಾಪಾರಕ್ಕೆ ಕೂರುವ ಗಾದಿಯ ಮೇಲೆ ಕುಳಿತಾಗ ಅಶುಭದ ಮಾತು ಆಡುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ.

ಆದರೆ ಆ ಅಂಕಿ ನಂಬಿಯೇ ನಾನು ಕಳೆದ ವರ್ಷ ನನ್ನ ತಂಗಿ ಉಮಾಶ್ರೀಗೆ ಅವರ ಪಕ್ಕದ ಮಳಿಗೆ ಹಿಡಿ ಎಂದದ್ದು. ಚಿನ್ನದ ಬಳೆ ಮಾರಿ ಹಿಡಿದಳು. ಆ ಅಂಕಿ ಸುಳ್ಳೆಂದು ಈಗ ಅವಳಿಗೆ ಯಾವ ಬಾಯಿಂದ ಹೇಳಲಿ?

ಅವಳ ಅಂಗಡಿ ಪೂಜೆಯ ದಿನ ಅಂಬಾದಾಸರು ಗಾದಿಯ ಮೇಲೆ ಕುಳಿತಿರಲಿಲ್ಲ. ಬೀದಿಯಲ್ಲಿ, ನನ್ನ ಪಕ್ಕದಲ್ಲೇ ನಿಂತು ಪೇಡೆ ತಿನ್ನುತ್ತಿದ್ದರು. "ತಂಗಿಗಿ ಇಲ್ಲೇ ಮಳಗಿ ಹಿಡಿಸಿ ಭಾಳ ಚಲೋ ಮಾಡಿದ್ರಿ" ಎಂದರು.