ಮೊದಲನೇ ಭಾಗದಿಂದನೇ ಶುರು ಮಾಡು

ಹುಮನಾಬಾದ, ಮೇ ೨೦೦೪

ಶಂಕರಲಿಂಗ ಅಣ್ಣಗ ಪೂನಂಳ ನಮಸ್ಕಾರ.

ಕಾಲಿನ ಪ್ಲಾಸ್ಟರ್ ಬಿಚ್ಚೂತನಕ ಆ ಕಬ್ಬಿಣದ ಕೈಯವರ ಶಹರದ ಕಂಪ್ಯೂಟರ್ ಆಟ ಆಡ್ತೀನಿ, ಮೂರು ಭಾಗದಾಗ ಯಾವುದು ಮೊದಲು ಆಡ್ಲಿ ಅಂತ ಕೇಳೀದಿ. ಮೂರೂ ಸಿಡಿ ಬಸವಕಲ್ಯಾಣ ಬಸ್ಸಿನ ಕಂಡಕ್ಟರ್ ಕೈಯಾಗ ಕಳಿಸೇನಿ.

ಹೋದ ಸೂಟಿಯಾಗ ನಾನೂ ಇದನ್ನೇ ಕೇಳಿದ್ದೆ. ನೀ ಆಡದೇನೇ "ಹುಡುಗ್ಯಾರಿಗೆ ಮೂರನೇದು ಹಗುರ" ಅಂದಿ. ಅದನ್ನ ಮೊದಲು ಆಡಿ, ಕಥಿಯ ಕಡೀಕ ಏನಾಗ್ತದ ಅಂತ ಮೊದಲೇ ಗೊತ್ತಾಗಿ, ಆಟದ ಮಜಾನೇ ಹೋಯ್ತಂತ ಅತ್ತಿದ್ದೆ. ನೀ ದೋಸ್ತರ ಮುಂದ ಹೇಳಿ ನಕ್ಕಿ.

ನಾ ಹಂಗ ಮೋಸ ಮಾಡೂದಿಲ್ಲ. ಮೊದಲನೇದರಿಂದನೇ ಶುರು ಮಾಡು. ಅದರಾಗ ಒಬ್ಬ ಕುರುಡ ಡಾಕ್ಟರ್ ನಿನ್ನ ಜೀವಾ ಉಳಿಸ್ತಾನ, ಮೂರೂ ಭಾಗದಾಗ ನಿನ್ನ ಜೋಡಿ ಇರ್ತಾನ. ಕಡೀಕ ನಿನಗ ದಗಾ ಮಾಡಾಂವ ಅಂವನೇ.

ಸಿಡಿಗೆ ಗೀರು ಬೀಳದಂಗ ನೋಡ್ಕೋ. ಇನ್ನ ಆರಾಮ ಆಡು.

ನಿನ್ನ ತಂಗಿ,
ಪೂನಂ