ಪಾಸ್‌ಪೋರ್ಟಿನ ಹಣೆಗೆ ಕುಂಕುಮ

ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ,

ರಾಜ್ಯದ ಗಡಿಯಂಚಿನ ಮತ್ತಿಗಿರಿಯ ಮನೆ ಮಾಲೀಕ ರಾಮಕೃಷ್ಣಪ್ಪನ ಮೂರನೆಯ ನಮಸ್ಕಾರ. ತಮಗೆ ಕನ್ನಡ ಓದಲು ಬರುತ್ತದಂತೆ, ಸಂತೋಷ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಟಾಂಜಾನಿಯಾದ ಹುಡುಗಿ ಅಮಾನಿ, ಸಾನಮಾವು ಕಾಡಿನ ಆನೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಆನೆಗಳು ಒಂದು ಕಾಗದವೂ ಇಲ್ಲದೆ ಎರಡು ರಾಜ್ಯ ಸುತ್ತುತ್ತವೆ. ಅವಳು ಮಾತ್ರ ತಮ್ಮ ಅಪ್ಪಣೆಯಂತೆ ಹೋದಲ್ಲೆಲ್ಲ ಪಾಸ್‌ಪೋರ್ಟ್ ಹೊತ್ತಿರುತ್ತಾಳೆ. ಇದನ್ನು ಕಂಡ ನನ್ನ ಹೆಂಡತಿ ನರಸಮ್ಮ, ಆಯುಧಪೂಜೆಯ ದಿನ ಅದನ್ನೂ ನನ್ನ ಸ್ಕೂಟರಿನ ಪಕ್ಕದಲ್ಲಿಟ್ಟು ಫೋಟೊದ ಹಣೆಗೆ ಕುಂಕುಮ ಹಚ್ಚಿಬಿಟ್ಟಳು. ಕೇಳಿದರೆ, “ಆ ಮಗಾ ದಿನಾ ಇದನ್ನೇ ಹೊತ್ಕಂಡು ತಿರುಗ್ತದಲ್ಲ, ಅದ್ರ ಆಯುಧ ಇದೇ ಕಣ್ರೀ” ಎಂದಳು. ನಾನು ಒರೆಸಲು ಹೋದರೆ ಕೆಂಪು ಹುಬ್ಬಿನವರೆಗೂ ಹರಡಿತು.

“ಫೋಟೊಗೂ ಮುಖಕ್ಕೂ ಹೋಲಿಕೆ ಇಲ್ಲ” ಎಂದು ತಾವು ಅವಳನ್ನೂ ನನ್ನನ್ನೂ ಎರಡು ಸಲ ವಾಪಸು ಕಳಿಸಿದಿರಿ. ಹಾಗೆನ್ನುವಾಗ ತಮ್ಮ ಕಂಪ್ಯೂಟರಿನ ಮೇಲೂ ಅದೇ ಹಬ್ಬದ ಕುಂಕುಮವಿತ್ತು. ನಾಳೆ ನೋಂದಣಿಗೆ ಕೊನೆಯ ದಿನ. ತಪ್ಪಿದರೆ ಹುಡುಗಿ ಓದು ಬಿಟ್ಟು ಊರಿಗೆ ಹೊರಡಬೇಕು.

ಆದ್ದರಿಂದ ನಾಳೆ ಹತ್ತು ಗಂಟೆಗೆ ಮೂವರೂ ಬರುತ್ತೇವೆ. ಅಮಾನಿಯ ಹಣೆಗೆ ನರಸಮ್ಮ ಹುಬ್ಬಿನವರೆಗೂ ಕುಂಕುಮ ಬಳಿದೇ ಕರೆತರುತ್ತಾಳೆ. ದಯವಿಟ್ಟು ಹೋಲಿಸಿ ನೋಡಿ.

ಇನ್ನೂ ತಾಳ್ಮೆಯಿಂದಿರುವ,
ರಾಮಕೃಷ್ಣಪ್ಪ