ಕೊನೆಯ ರೀಲಿಲ್ಲದ ಕೊಲೆ

ಭಾನುವಾರ, ಬೆಳಗ್ಗೆ

ನನ್ನ ಹಠಮಾರಿ ಮಗಳಿಗೆ,

ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನೀನು ಕೇಳಲಿಲ್ಲ, ಆದರೂ ತಿಳಿಸಿದ್ದೇನೆ. ಎರಡು ವರ್ಷ ಮುನಿಸಿಕೊಂಡು ಕೂತವಳು ಕೊನೆಗೂ ಬರೆದಳಲ್ಲ ಎಂದು ಕನ್ನಡಕ ಒರೆಸಿಕೊಂಡು ತೆರೆದರೆ, ಮೊದಲ ಸಾಲಿನಲ್ಲೇ ‘ಕೊಲೆ ಮಾಡಿದ್ದು ಯಾರು?’

ಹಳೆಯ ಸಿನಿಮಾ ರೀಲು ತೊಳೆದು ಒರೆಸುವುದೂ ಒಂದು ಉದ್ಯೋಗವೇ ಎಂದು ಅಂದು ಕೇಳಿದ್ದೆ. ಆ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಈಗ ನಿನಗೆ ಸಿಕ್ಕಿರುವುದು ನಿನ್ನ ಅಜ್ಜಿ ನಟಿಸಿದ ಒಂದೇ ಒಂದು ಮೂಕಿ ಚಿತ್ರ. ಹಾಲಿನ ಲೋಟ ಹಿಡಿದು ಮುದುಕ ಯಜಮಾನನ ಕೋಣೆಗೆ ಹೋಗುವವಳು ಕೆಲಸದಾಕೆ. ಬೆಳಗಾಗುವಷ್ಟರಲ್ಲಿ ಮುದುಕ ಹೆಣ. ಕೊಂದವರನ್ನು ತೋರಿಸುವ ಕೊನೆಯ ರೀಲು ಸಿಕ್ಕಿಲ್ಲ. ಆದ್ದರಿಂದ ವಿಷ ಹಾಕಿದವಳು ಅವಳೇ ಎಂದು ಪರದೆಯ ಮೇಲೆ ಓದಿಸುವ ಒಂದು ಫಲಕ ಬರೆಸಿ ಮುಗಿಸೋಣ ಅನ್ನುತ್ತಾರಂತೆ ನಿನ್ನ ಮೇಲಧಿಕಾರಿ. ಆ ಕೆಲಸದಾಕೆ ನಿನ್ನ ಅಜ್ಜಿ. ಬರೆಸಕೂಡದು.

ಆ ರೀಲನ್ನು ಹುಡುಕಲೂ ಬೇಡಿ. ನಿಮಗೆ ಸಿಕ್ಕಿರುವುದು ನಮ್ಮೂರ ಥಿಯೇಟರಿನ ಪ್ರತಿ; ಅದರ ಕೊನೆಯ ರೀಲು ಮೊದಲ ವಾರವೇ ಯಂತ್ರದಲ್ಲಿ ಸುಟ್ಟುಹೋಯಿತು. ಪರದೆಯ ಪಕ್ಕ ನಿಂತು ಜನರಿಗೆ ಕಥೆ ಹೇಳುತ್ತಿದ್ದವರು ನಿನ್ನ ಅಜ್ಜ. ಜನ ಬೆಂಚು ಗುದ್ದಿದರಂತೆ: ‘ಕೊಂದೋನು ಯಾರು ಹೇಳ್ರೀ, ಇಲ್ದಿದ್ರೆ ಇಲ್ಲಿಂದ ಏಳಲ್ಲ!’ ಅಜ್ಜ ಗಂಟಲು ಸರಿಮಾಡಿಕೊಂಡು, ‘ಕೂತ್ಕೊಳ್ರಪ್ಪ, ನಂಗೆ ಗೊತ್ತು’ ಎಂದವರೇ ಮನೆ ಅಳಿಯನ ಮೇಲೆ ಹೊರಿಸಿದರು. ಮರುದಿನ ವಕೀಲನ ಮೇಲೆ. ನೋಡಿದವರೇ ಮತ್ತೆ ನೋಡಲು ಬಂದರು. ಇವತ್ತಿನ ಕೊಲೆಗಾರ ಯಾರೆಂದು ಬೀದಿಯಲ್ಲೇ ಬಾಜಿ. ಥಿಯೇಟರಿನ ಮಾಲೀಕ ಹೊಸ ರೀಲು ತರಿಸುವ ಯೋಚನೆಯನ್ನೇ ಬಿಟ್ಟ.

ಒಂದು ಸಂಜೆ ಕೆಲಸದಾಕೆಯ ಸರದಿ ಬಂತು. ಹೆಂಗಸರ ಬೆಂಚಿನಿಂದ ಒಬ್ಬಳು ಎದ್ದು ನಿಂತಳಂತೆ, ಪರದೆಯ ಮೇಲಿನ ಕೆಲಸದಾಕೆಯೇ. ‘ಏನ್ರೀ, ವಿಷದ ಪೊಟ್ಟಣ ನನ್ನ ಕೈಗೆ ಕೊಟ್ಟೋರು ನೀವೇನಾ? ಆ ಮುದುಕಪ್ಪನಿಗೆ ದಿಂಬು ಸರಿಮಾಡಿ, ಕಾಲೊತ್ತಿ ಸಾಕಾಗಿದೆ. ಕೊಲ್ಲೋಕೆ ಪುರುಸೊತ್ತಾದ್ರೂ ಎಲ್ಲಿತ್ತು ನಂಗೆ?’ ಜನ ಬಿದ್ದು ಬಿದ್ದು ನಕ್ಕರು. ಅಜ್ಜ ಕೈಮುಗಿದು, ‘ತಪ್ಪಾಯ್ತು ತಾಯಿ, ಕೊಂದಿದ್ದು ಡಾಕ್ಟರೇ’ ಎಂದರಂತೆ. ತಾಯಿ ಎಂದವಳನ್ನೇ ಆರು ತಿಂಗಳಿಗೆ ಮದುವೆಯಾದರು. ನಗಬೇಡ. ಕೆಲಸದಾಕೆಯ ಮೇಲೆ ಅವರು ಮತ್ತೆಂದೂ ಹೊರಿಸಲಿಲ್ಲ.

ಅವರೇ ಕೈಬಿಟ್ಟದ್ದನ್ನು ನೀನು ಹೊರಿಸುತ್ತೀಯಾ? ಫಲಕ ಬೇಡ. ರೀಲು ಮುಗಿದಲ್ಲಿ ದೀಪ ಹಾಕಿಸಿ, ಪರದೆಯ ಪಕ್ಕ ನೀನೇ ನಿಂತು ಹೇಳು. ದಿನಕ್ಕೊಬ್ಬ ಕೊಲೆಗಾರ. ನನ್ನೆದುರು ಅಷ್ಟು ಗಟ್ಟಿಯಾಗಿ ವಾದಿಸಿದ ಗಂಟಲು ಒಂದು ಥಿಯೇಟರಿಗೆ ಸಾಲದೇ? ಮೇಲಧಿಕಾರಿ ಮೂಗು ಮುರಿದರೆ ಈ ಪತ್ರವನ್ನೇ ತೋರಿಸು.

ಪ್ರದರ್ಶನಕ್ಕೆ ಕರೆದಿದ್ದೀಯ. ನಾನು ಬರುವುದಿಲ್ಲ. ಬಸ್ಸಿನ ಕುಲುಕಾಟ ನನಗಾಗದು. ಕತ್ತಲಲ್ಲಿ ಕಂಡವರ ಮೊಣಕೈ ತಾಗಿಸಿಕೊಂಡು ಕೂರುವ ವಯಸ್ಸೂ ಇದಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ನನ್ನ ಅಮ್ಮ ತೀರಿಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವಳ ಒಂದು ಫೋಟೋ ಕೂಡ ನಾನು ಕಂಡಿಲ್ಲ. ನಿನಗೆ ಯಾವತ್ತೂ ಹೇಳಿರಲಿಲ್ಲ. ಲೋಟ ಹಿಡಿದು ಹೋಗುವಾಗ ಅವಳು ಒಮ್ಮೆಯಾದರೂ ನಮ್ಮ ಕಡೆ ತಿರುಗುತ್ತಾಳೆಯೇ? ಬರೆದು ತಿಳಿಸು. ಬೇಡ, ಬರೆಯಬೇಡ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಇಡಿಸು.